ಊದುವ ಯಂತ್ರ ನನ್ನ ಚೀಲಕ್ಕೆ ಬಂದ ಬಗ್ಗೆ

ನಾನು ಬಟ್ಟೆ ಹೊಲಿಯುವವಳು. ವಯಸ್ಸು ಐವತ್ತೆಂಟು. ಬೇಕರಿಯ ಹಿಂದಿನ ಓಣಿಯಲ್ಲಿ ನೀಲಿ ಗೇಟಿನ ಮನೆಯಲ್ಲಿ ಗಂಡನೊಂದಿಗೆ ವಾಸ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿದುಕೊಡುತ್ತೇನೆ. ಓಣಿಯಲ್ಲಿ ಟೈಲರಮ್ಮ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಈ ದಿನ ಸೋಮವಾರ ಬೆಳಿಗ್ಗೆ, ಯಾರೂ ಕರೆಸದೆ ನಾನಾಗಿಯೇ ಸಂಚಾರ ಠಾಣೆಗೆ ಬಂದು, ಕೇಳಿದ್ದನ್ನೂ ಕೇಳದೆ ಇದ್ದದ್ದನ್ನೂ ಸೇರಿಸಿ ಹೇಳಿ ಬರೆಸುತ್ತಿರುವ ಸಂಗತಿ ಹೀಗಿದೆ.

ನಿನ್ನೆ ಭಾನುವಾರ ಮಧ್ಯಾಹ್ನ ನಾನು ನನ್ನ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಊಟ ಮುಗಿದ ಮೇಲೆ ಅಕ್ಕನ ಮಗ ತನ್ನ ಸ್ಕೂಟರಿನಲ್ಲಿ ನನ್ನನ್ನು ಮನೆಗೆ ಬಿಡಲು ಹೊರಟನು. ಅವನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಸೋಡಾ ಕುಡಿದರೂ ತಲೆ ಭಾರವಾಯಿತು ಎನ್ನುವ ಹುಡುಗ. ನನ್ನನ್ನು ಬಿಟ್ಟ ನಂತರ ಸಂಜೆ ಐದಕ್ಕೆ ಪಾರ್ಕಿನಲ್ಲಿ ಅವನು ಒಬ್ಬಳನ್ನು ಭೇಟಿಯಾಗಬೇಕಿತ್ತು. ಈ ವಿಷಯ ಅವನ ತಾಯಿಗೆ ತಿಳಿದಿರಲಿಲ್ಲ. ಈ ಹೇಳಿಕೆಯ ಪ್ರತಿಯನ್ನು ಯಾವ ಕಾರಣಕ್ಕೂ ನನ್ನ ಅಕ್ಕನಿಗೆ ಕೊಡಬಾರದೆಂದು ಕೋರುತ್ತೇನೆ.

ಮಧ್ಯಾಹ್ನ ಸುಮಾರು ಮೂರು ಐವತ್ತರ ಹೊತ್ತಿಗೆ ಮೇಲ್ಸೇತುವೆಯ ಕೆಳಗೆ ಪೊಲೀಸಿನವರು ನಮ್ಮನ್ನು ತಡೆದರು. ಒಬ್ಬರು ಹೆಣ್ಣು ಕಾನ್‌ಸ್ಟೇಬಲ್ ನನ್ನ ಅಕ್ಕನ ಮಗನ ಮುಂದೆ ಕೈಯಗಲದ ಒಂದು ಯಂತ್ರ ಹಿಡಿದು, ಅದರ ಬಿಳಿ ಕೊಳವೆಗೆ ಬಾಯಿಟ್ಟು ಊದುವಂತೆ ಹೇಳಿದರು. ಅವನು ಊದಿದನು. ಯಂತ್ರ ಕೂಗಿಕೊಂಡಿತು. ನೂರ ನಲವತ್ತು ಎಂದು ತೋರಿಸಿತು. ಮಿತಿ ಮೂವತ್ತು ಎಂದು ಸದರಿ ಕಾನ್‌ಸ್ಟೇಬಲ್ ತಿಳಿಸಿದರು. ಅಂದರೆ ನೂರು ಮಿಲಿಲೀಟರ್ ರಕ್ತದಲ್ಲಿ ಮೂವತ್ತು ಮಿಲಿಗ್ರಾಂ ಮದ್ಯಸಾರ.

ಅವರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇಷ್ಟಿದ್ರೆ ನೀವು ಗಾಡಿ ಮೇಲೆ ನೆಟ್ಟಗೆ ಕೂತಿರೋದೇ ಆಶ್ಚರ್ಯ ಕಣ್ರೀ" ಅಂದರು.

ಅವನು ನನ್ನ ಕಡೆ ತಿರುಗಿ, "ಚಿಕ್ಕಮ್ಮಾ, ನಾನು ಮುಟ್ಟಿಲ್ಲ, ನೀನೇ ಹೇಳು" ಎಂದು ಕಣ್ಣಲ್ಲಿ ನೀರು ತಂದುಕೊಂಡನು. ಅವನು ಊಟದಲ್ಲಿ ಏನೇನು ತಿಂದನೆಂದು ನಾನು ಒಂದೊಂದಾಗಿ ಹೇಳಲು ಶುರುಮಾಡಿದೆ. ಕಾನ್‌ಸ್ಟೇಬಲ್ ನನ್ನನ್ನು ತಡೆದು, ಸ್ವಲ್ಪ ಹೊತ್ತಿನ ಮುಂಚೆ ಬಾಯಿಗೆ ಏನಾದರೂ ಹಾಕಿಕೊಂಡಿರಾ ಎಂದು ಅವನನ್ನು ಕೇಳಿದರು. ಅವನು ಜೇಬಿನಿಂದ ಬಾಯಿಯ ವಾಸನೆಗೆ ಹೊಡೆದುಕೊಳ್ಳುವ ಸಣ್ಣ ಸ್ಪ್ರೇ ಡಬ್ಬಿ ತೆಗೆದು ತೋರಿಸಿದನು. ಎಷ್ಟು ಸಲ ಹೊಡೆದುಕೊಂಡಿರಿ ಎಂದರೆ ಆರು ಸಲ ಅಂದನು. ಯಾಕೆ ಅಷ್ಟೊಂದು ಎಂದರೆ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದನು. ಪಾರ್ಕಿನ ವಿಷಯವನ್ನು ನಾನೇ ತಿಳಿಸಬೇಕಾಯಿತು. ಕಾನ್‌ಸ್ಟೇಬಲ್ ನಕ್ಕುಬಿಟ್ಟರು. ನೆಗಡಿಯಾಗಿದ್ದರಿಂದ ನಗು ಕೆಮ್ಮಿನಲ್ಲಿ ಮುಗಿಯಿತು.

ಅಂಥ ಸ್ಪ್ರೇಗಳಲ್ಲಿ ಮದ್ಯಸಾರ ಇರುತ್ತದೆ, ಅದು ಬಾಯಲ್ಲಿಯೇ ನಿಂತಿರುತ್ತದೆ, ಯಂತ್ರಕ್ಕೆ ಬಾಯಿಯದು ಯಾವುದು ರಕ್ತದ್ದು ಯಾವುದು ಗೊತ್ತಾಗುವುದಿಲ್ಲ ಎಂದು ಅವರು ವಿವರಿಸಿದರು. ನೀರಿನಲ್ಲಿ ಬಾಯಿ ಮುಕ್ಕಳಿಸಿ ಹದಿನೈದು ನಿಮಿಷ ಏನೂ ತಿನ್ನದೆ ಕುಡಿಯದೆ ಕೂತು ಮತ್ತೆ ಊದಬೇಕೆಂದರು. ಅವನು ಒಂದು ಬಾಟಲಿ ನೀರು ಪೂರ್ತಿ ಮುಕ್ಕಳಿಸಿ ಫುಟ್‌ಪಾತಿನ ಮೇಲೆ ಕುಳಿತನು. ನನಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟರು.

ಆ ಹದಿನೈದು ನಿಮಿಷ ನಾನು ಸುಮ್ಮನೆ ಕೂರಲಿಲ್ಲ. ಕೊಳವೆಗೆ ಊದಿದರೆ ರಕ್ತದಲ್ಲಿರುವುದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಕುಡಿದದ್ದು ಹೊಟ್ಟೆಯಿಂದ ರಕ್ತಕ್ಕೆ ಸೇರುತ್ತದೆ, ರಕ್ತ ಶ್ವಾಸಕೋಶಕ್ಕೆ ಬಂದಾಗ ಅದರಲ್ಲಿ ಒಂದಿಷ್ಟು ಉಸಿರಿಗೆ ಬರುತ್ತದೆ, ಆಳದ ಉಸಿರು ಬೇಕಾಗಿರುವುದರಿಂದಲೇ ಕೊನೆಯ ತನಕ ಊದಿ ಎನ್ನುವುದು ಎಂದು ಹೇಳಿದರು. ಪೆಪ್ಪರ್‌ಮಿಂಟ್ ತಿಂದರೆ ಯಂತ್ರ ಮೋಸ ಹೋಗುತ್ತದೆಯೇ ಎಂದು ಕೇಳಿದೆ. ಪೆಪ್ಪರ್‌ಮಿಂಟಿಗೆ ಮೋಸ ಹೋಗುವುದು ಹೆಂಡತಿಯ ಮೂಗು ಮಾತ್ರ, ಯಂತ್ರ ಅಲ್ಲ ಎಂದರು. ಹೆಂಡತಿಯ ಮೂಗೂ ಹೋಗುವುದಿಲ್ಲ ಎಂದು ನಾನು ಹೇಳಿದೆ. ಒಂದೇ ಅಳತೆ ಕುಡಿದರೂ ಸಣಕಲು ಮೈಯವರಿಗೆ ಹೆಚ್ಚು ಏರುತ್ತದೆ, ದಪ್ಪ ಮೈಯವರಿಗೆ ಕಡಿಮೆ ಎಂದೂ ತಿಳಿಯಿತು. ಒಂದೇ ಅಳತೆಯ ಬಟ್ಟೆ ಎಲ್ಲರಿಗೂ ಬರುವುದಿಲ್ಲ ಎಂಬುದು ನನ್ನ ಕಸುಬಿನಲ್ಲೂ ಇರುವುದರಿಂದ ಇದು ಬೇಗ ಅರ್ಥವಾಯಿತು.

ಆಮೇಲೆ ನಾನು ಮುಖ್ಯವಾಗಿ ಕೇಳಬೇಕಾದದ್ದನ್ನು ಕೇಳಿದೆ. ಒಬ್ಬರು ರಾತ್ರಿ ಕುಡಿದು, ಮಲಗಿ, ಬೆಳಿಗ್ಗೆ ಎದ್ದು, ತಣ್ಣೀರು ಸ್ನಾನ ಮಾಡಿ, ಕಾಫಿ ಕುಡಿದು ಗಾಡಿ ಹತ್ತಿದರೆ ಹೇಗೆ ಎಂದು ಕೇಳಿದೆ.

ಅದಕ್ಕೆ ಅವರು, "ಅಮ್ಮಾ, ಸ್ನಾನ ಮಾಡಿದ್ರೆ ಮೈ ಒದ್ದೆಯಾಗುತ್ತೆ, ಕಾಫಿ ಕುಡಿದ್ರೆ ಎಚ್ಚರ ಆಗುತ್ತೆ. ಇಳಿಯೋದು ಅದರ ಪಾಡಿಗೆ ಅದು. ಗಂಟೆಗೆ ಹೆಚ್ಚುಕಡಿಮೆ ಹದಿನೈದು. ನಿದ್ದೆ ಮಾಡಿದ್ರೂ ಅಷ್ಟೇ, ಓಡಿದ್ರೂ ಅಷ್ಟೇ. ಅದು ಯಾರ ಮಾತೂ ಕೇಳಲ್ಲ" ಅಂದರು.

ನಂತರ ಅವರು, "ಯಾರು? ಮನೇಲಾ?" ಎಂದು ಕೇಳಿದರು. ನಾನು ಪಕ್ಕದ ಮನೆಯಲ್ಲಿ ಎಂದು ಹೇಳಿದೆ. ಅದು ಸುಳ್ಳು. ನಮ್ಮ ಪಕ್ಕದ ಮನೆಯಲ್ಲಿ ಇರುವುದು ಒಬ್ಬರು ನಿವೃತ್ತ ಸಂಗೀತ ಮೇಡಂ. ಅವರ ಬಗ್ಗೆ ಇಲಾಖೆಯವರು ಯಾವ ಸಂಶಯವನ್ನೂ ಇಟ್ಟುಕೊಳ್ಳಬಾರದು.

ಹದಿನೈದು ನಿಮಿಷ ಕಳೆದ ಮೇಲೆ ಅಕ್ಕನ ಮಗ ಹೊಸ ಕೊಳವೆಗೆ ಊದಿದನು. ಸೊನ್ನೆ ಬಂತು. ಅವನು ಕಾನ್‌ಸ್ಟೇಬಲ್‌ಗೆ ಎರಡು ಸಲ ಕೈಮುಗಿದು, ಯಂತ್ರಕ್ಕೂ ಒಂದು ಸಲ ಮುಗಿದನು. ಅದೇ ಹೊತ್ತಿಗೆ ಸಾಮಾನು ಹೇರಿದ ಒಂದು ಟೆಂಪೊ ತಪಾಸಣೆ ಕಂಡು ಗಡಬಡಿಸಿ ಹಿಂದಕ್ಕೆ ತಿರುಗಲು ಹೋಗಿ ಪೊಲೀಸಿನವರ ತಡೆಗಟ್ಟೆಗೆ ಗುದ್ದಿತು. ಕಾನ್‌ಸ್ಟೇಬಲ್ ಯಂತ್ರವನ್ನೂ ನಾಲ್ಕು ಹೊಸ ಕೊಳವೆಗಳನ್ನೂ ನನ್ನ ಮಡಿಲಿಗೆ ಹಾಕಿ, "ಒಂದ್ನಿಮಿಷ ಹಿಡ್ಕೊಂಡಿರಿ ಅಮ್ಮಾ" ಎಂದು ಆ ಕಡೆ ಓಡಿದರು.

ಆ ಒಂದು ನಿಮಿಷ ಈ ದಿನ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಮುಗಿಯಿತು.

ಈ ಜಾಗದಲ್ಲಿ ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಸಾಹೇಬರು, ನಾನು ಯಂತ್ರವನ್ನು ಅಚಾತುರ್ಯದಿಂದ ತೆಗೆದುಕೊಂಡು ಹೋದೆ ಎಂದು ಬರೆದರು. ನಾನು ಅದನ್ನು ಹೊಡೆದುಹಾಕಿಸಿದೆ. ಮರೆತು ತೆಗೆದುಕೊಂಡೆನೆಂದು ಬರೆಯಲೇ ಎಂದು ಕೇಳಿದರು. ಅದೂ ಬೇಡವೆಂದೆ. ಹಾಗೆ ಬರೆದರೆ ನಿಮಗೇ ಒಳ್ಳೆಯದು ಎಂದು ಅವರು ಮೆಲ್ಲಗೆ ತಿಳಿಹೇಳಿದರು. ನನಗೆ ಮರೆವು ಇಲ್ಲ, ಓಣಿಯ ಪ್ರತಿಯೊಬ್ಬರ ಸೊಂಟದ ಅಳತೆ ಬಾಯಿಪಾಠ ಇದೆ, ಬೇಕಾದರೆ ಸಾಹೇಬರದ್ದೂ ಈಗಲೇ ಕಣ್ಣಳತೆಯಲ್ಲಿ ಹೇಳುತ್ತೇನೆ ಎಂದೆ. ಅವರು ಬೇಡವೆಂದರು. ಆದ್ದರಿಂದ ನಾನು ಹೇಳಿದಂತೆಯೇ ಬರೆಯಲಾಗಿದೆ: ನಾನು ಯಂತ್ರವನ್ನೂ ಕೊಳವೆಗಳನ್ನೂ ಗೊತ್ತಿದ್ದೂ ನನ್ನ ಚೀಲಕ್ಕೆ ಹಾಕಿಕೊಂಡು, ಹುಡುಗಿ ಕಾಯುತ್ತಾಳೆ ನಡಿಯೋ ಎಂದು ಅಕ್ಕನ ಮಗನನ್ನು ಅವಸರಪಡಿಸಿ ಹೊರಟುಬಂದೆ. ಚೀಲದಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಹೀಗೆ ಮಾಡಲು ಕಾರಣ ನನ್ನ ಯಜಮಾನರು. ಅವರ ವಯಸ್ಸು ಅರವತ್ತೆರಡು. ಮೈ ಸಣಕಲು. ಮುಂಚೆ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದರು. ಮೊಣಕಾಲು ನೋವು ಬಂದ ಮೇಲೆ ಲಾರಿ ಬಿಟ್ಟು, ನಾಲ್ಕು ವರ್ಷದಿಂದ ಸ್ವಂತ ವ್ಯಾನಿನಲ್ಲಿ ಹನ್ನೊಂದು ಮಕ್ಕಳನ್ನು ಶಾಲೆಗೆ ಬಿಟ್ಟು ಕರೆದುಕೊಂಡು ಬರುತ್ತಾರೆ. ಮಕ್ಕಳು ಅವರನ್ನು ವ್ಯಾನ್ ತಾತ ಎನ್ನುತ್ತಾರೆ. ಲಾರಿಯ ಕಾಲದಲ್ಲಿ ಅವರು ಮದ್ಯ ಮುಟ್ಟಿದವರಲ್ಲ. ಮೊಣಕಾಲು ನೋವಿಗೆ ರಾತ್ರಿ ನಿದ್ದೆ ಬಾರದೆ ಇದ್ದದ್ದರಿಂದ ಶುರುವಾಯಿತೆಂದು ನನ್ನ ಅಂದಾಜು. ಅಂದಾಜು ಎನ್ನುವುದು ಏಕೆಂದರೆ ಅವರು ಇದುವರೆಗೆ ಒಪ್ಪಿಕೊಂಡಿರಲಿಲ್ಲ. ಪ್ರತಿದಿನ ಊಟವಾದ ಮೇಲೆ, "ಟ್ಯಾಂಕ್ ನೋಡ್ಕೊಂಡ್ ಬರ್ತೀನಿ" ಎಂದು ಹೇಳಿ ತಾರಸಿಗೆ ಹೋಗುತ್ತಾರೆ. ನಮ್ಮದು ಐನೂರು ಲೀಟರಿನ ಟ್ಯಾಂಕು. ಅದು ಸೋರುವುದಿಲ್ಲ, ತುಂಬಿ ಹರಿಯುವುದಿಲ್ಲ, ಅದಕ್ಕೆ ಏನೂ ಆಗಿಲ್ಲ. ಅಷ್ಟು ಆರೈಕೆ ನನ್ನ ಹೆರಿಗೆಯಲ್ಲಿ ನನಗೂ ಸಿಕ್ಕಿರಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಪೆಪ್ಪರ್‌ಮಿಂಟ್ ಚೀಪುತ್ತಾ ಕೆಳಗಿಳಿದು ಬರುತ್ತಾರೆ. ನಿನ್ನೆ ಭಾನುವಾರವಾದ್ದರಿಂದ ಟ್ಯಾಂಕನ್ನು ಎರಡು ಗಂಟೆ ನೋಡಿದರು.

ನಾನು ಈ ನಾಲ್ಕು ವರ್ಷ ಹೆಚ್ಚು ಜಗಳವಾಡಲಿಲ್ಲ. ರಾತ್ರಿಯದು ರಾತ್ರಿಗೇ ಮುಗಿಯುತ್ತದೆ, ಬೆಳಿಗ್ಗೆ ಶುಭ್ರವಾಗಿ ಎದ್ದು ಹೋಗುತ್ತಾರಲ್ಲ ಎಂದು ನಾನೂ ತಿಳಿದುಕೊಂಡಿದ್ದೆ. ಮೇಲ್ಸೇತುವೆಯ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಾಗ ಗಂಟೆಗೆ ಹದಿನೈದು ಎಂಬ ಮಾತು ಕೇಳಿ, ರಾತ್ರಿಯಿಂದ ಬೆಳಿಗ್ಗೆಯವರೆಗಿನ ಗಂಟೆಗಳನ್ನು ಬೆರಳು ಮಡಚಿ ಎಣಿಸಿದೆ.

ಮನೆಗೆ ಬಂದ ಮೇಲೆ ಯಂತ್ರ ಸರಿಯಿದೆಯೇ ಎಂದು ನಾನೇ ಒಂದು ಸಲ ಊದಿ ನೋಡಿದೆ. ಸೊನ್ನೆ ಬಂತು. ಪರೀಕ್ಷೆಯಲ್ಲಿ ಸೊನ್ನೆ ಬಂದು ಖುಷಿಯಾಗಿದ್ದು ಅದೇ ಮೊದಲು. ಆದರೆ ಆ ಕಾನ್‌ಸ್ಟೇಬಲ್ ಹುಡುಗಿ ಯಾರ ಕೈಲಿ ಎಷ್ಟು ಬೈಸಿಕೊಂಡಳೋ ಎಂಬ ಯೋಚನೆಯಲ್ಲಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಈ ದಿನ ಬೆಳಿಗ್ಗೆ ಆರು ಇಪ್ಪತ್ತಕ್ಕೆ ಯಜಮಾನರು ಸ್ನಾನ ಮಾಡಿ, ತಲೆ ಬಾಚಿ, ಕಾಫಿ ಕುಡಿದು, ವ್ಯಾನಿನ ಗಾಜು ಒರೆಸಲು ಬಟ್ಟೆ ಕೈಗೆ ತೆಗೆದುಕೊಂಡರು. ನಾನು ಬಾಗಿಲಿಗೆ ಅಡ್ಡ ನಿಂತು ಯಂತ್ರ ಹಿಡಿದೆ. ನಮ್ಮಿಬ್ಬರ ನಡುವೆ ನಡೆದ ಮಾತು ಹೀಗಿತ್ತು.

"ಇದೇನೇ ಇದು? ಫೋನಾ?"

"ಊದಿ."

"ಎಲ್ಲಿ ಸಿಕ್ತು ನಿಂಗೆ?"

"ಅದು ಆಮೇಲೆ. ಮೊದಲು ಊದಿ."

"ನಾನ್ಯಾಕೆ ಊದ್ಲಿ? ನಾನೇನು ಕಳ್ಳನಾ?"

ಕಳ್ಳಿ ನಾನು, ನೀವು ಬರೀ ಊದಿದರೆ ಸಾಕು ಎಂದು ನಾನು ಹೇಳಿದೆ. ಅವರು ಕೊಳವೆಗೆ ಬಾಯಿಟ್ಟು ಕೆನ್ನೆ ಉಬ್ಬಿಸಿ ಕಣ್ಣು ಅಗಲಿಸಿದರು. ಯಂತ್ರದಲ್ಲಿ ಏನೂ ಬರಲಿಲ್ಲ. ಎರಡನೆಯ ಸಲವೂ ಅದೇ ಆಯಿತು. ಅವರು ಊದುತ್ತಿಲ್ಲ, ಊದಿದಂತೆ ನಟಿಸುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ನಾನು ಅವರ ಮೂಗು ಹಿಡಿದುಕೊಂಡೆ. ಮೂರನೆಯ ಸಲ ಯಂತ್ರ ಕೂಗಿಕೊಂಡಿತು. ಅರವತ್ತೆರಡು ಬಂತು.

ಅವರು ಅದನ್ನು ನೋಡಿ, "ನೋಡು, ನನ್ನ ವಯಸ್ಸು ತೋರಿಸ್ತಾ ಇದೆ" ಎಂದರು.

ಅದು ವಯಸ್ಸಲ್ಲ, ರಕ್ತದಲ್ಲಿರುವ ಮದ್ಯ, ಮಿತಿಗಿಂತ ಎರಡರಷ್ಟು ಎಂದು ನಾನು ತಿಳಿಸಿದೆ. ಅವರು ಮೊದಲು ಯಂತ್ರ ಕೆಟ್ಟಿದೆ ಎಂದರು. ಆಮೇಲೆ ಕೆಮ್ಮಿನ ಔಷಧಿ ಕುಡಿದಿದ್ದೆ ಎಂದರು. ಅವರಿಗೆ ಕೆಮ್ಮು ಇಲ್ಲ. ಆಮೇಲೆ ಪೆಪ್ಪರ್‌ಮಿಂಟ್ ಇರಬಹುದು ಎಂದರು. ನಾನು ಚೊಂಬಿನಲ್ಲಿ ನೀರು ತಂದು ಬಾಯಿ ಮುಕ್ಕಳಿಸಲು ಹೇಳಿ, ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಹದಿನೈದು ನಿಮಿಷ ಕೂರಿಸಿದೆ. ಆರು ನಲವತ್ತೊಂದಕ್ಕೆ ಹೊಸ ಕೊಳವೆ ಹಾಕಿ ಮತ್ತೆ ಊದಿಸಿದೆ. ಐವತ್ತೆಂಟು ಬಂತು.

"ಇಳೀತಾ ಇದೆ ನೋಡು! ಇನ್ನೈದು ನಿಮಿಷ ಕೂತ್ರೆ ಪೂರ್ತಿ ಇಳಿದುಹೋಗುತ್ತೆ" ಎಂದು ಅವರು ಉತ್ಸಾಹದಿಂದ ಹೇಳಿದರು.

ಗಂಟೆಗೆ ಹದಿನೈದು ಮಾತ್ರ ಇಳಿಯುತ್ತದೆ, ಕಾಲು ಗಂಟೆಗೆ ನಾಲ್ಕು ಇಳಿಯಿತು, ಲೆಕ್ಕ ನೀವೇ ಹಾಕಿ ಎಂದು ನಾನು ಹೇಳಿದೆ. ಅವರಿಗೆ ಸಿಟ್ಟು ಬಂತು. ಲಾರಿಯಲ್ಲಿ ದೇಶ ಸುತ್ತಿದ್ದೇನೆ, ಒಂದು ನಾಯಿಗೂ ತಾಗಿಸಿಲ್ಲ, ಸ್ಟೀರಿಂಗ್ ಹಿಡಿಯುವ ಮುಂಚೆ ಇವತ್ತಿನವರೆಗೆ ಒಂದು ಹನಿ ಕುಡಿದವನಲ್ಲ, ಕುಡಿದು ಓಡಿಸುವವರನ್ನು ಕಂಡರೆ ನನಗೆ ಅಸಹ್ಯ ಎಂದು ಕೂಗಿದರು. ಅವರು ಹೇಳಿದ್ದು ನಿಜ. ನಾನು ಸಾಕ್ಷಿ. ಹೋದ ವರ್ಷ ಇನ್ನೊಬ್ಬ ವ್ಯಾನಿನವನು ಮಧ್ಯಾಹ್ನ ಕುಡಿದು ಬಂದದ್ದಕ್ಕೆ ಅವನ ಕೀ ಕಿತ್ತುಕೊಂಡು ಶಾಲೆಯವರಿಗೆ ತಿಳಿಸಿದವರೂ ಇವರೇ.

ಕೂಗಿ ಮುಗಿದ ಮೇಲೆ ಅವರು ಯಂತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಹಾಗಾದ್ರೆ ಹೋದ ಸೋಮವಾರ?" ಎಂದು ಕೇಳಿದರು. "ಮಳೆ ಬಂತಲ್ಲ ಆವತ್ತು, ಶಾಲೆ ಮುಂದೆ ಬ್ರೇಕ್ ಹಾಕ್ದೆ, ಸ್ವಲ್ಪ ಲೇಟಾಗಿ ನಿಲ್ತು. ರೋಡ್ ಜಾರ್ತಿತ್ತು ಅಂದ್ಕೊಂಡಿದ್ದೆ" ಎಂದರು. ಅದಾದ ಮೇಲೆ ವ್ಯಾನಿನ ಕೀಯನ್ನು ನನ್ನ ಕತ್ತರಿಯ ಪಕ್ಕ ಇಟ್ಟರು.

ಹನ್ನೊಂದು ಮಕ್ಕಳು ಅಷ್ಟು ಹೊತ್ತಿಗೆ ಗೇಟುಗಳ ಹತ್ತಿರ ಬಂದು ನಿಂತಿರುತ್ತಾರೆ. ಶಾಲೆ ನಮ್ಮ ಮನೆಯಿಂದ ಎರಡು ಕಿಲೋಮೀಟರ್. ನಡೆದೇ ಹೋಗೋಣವೆಂದು ತೀರ್ಮಾನ ಮಾಡಿ ಇಬ್ಬರೂ ಹೊರಟೆವು. ವ್ಯಾನಿಗೆ ಹುಷಾರಿಲ್ಲ ಎಂದು ಹೇಳುವುದೆಂದು ದಾರಿಯಲ್ಲಿ ಮಾತಾಗಿತ್ತು. ಮೊದಲ ಎರಡು ಮನೆಯಲ್ಲಿ ನಾನು ಹಾಗೆಯೇ ಹೇಳಿದೆ. ಮೂರನೆಯದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಒಬ್ಬರ ಮನೆ. ಅವರು ವ್ಯಾನಿಗೆ ಏನಾಗಿದೆ ಎಂದು ಕೇಳಿದರು. ನಾನು ಬ್ಯಾಟರಿ ಎನ್ನುವಷ್ಟರಲ್ಲಿ ಯಜಮಾನರು ಮುಂದೆ ಬಂದು, "ವ್ಯಾನಿಗೇನೂ ಆಗಿಲ್ಲಮ್ಮ, ನನಗೆ ಆಗಿದೆ. ರಾತ್ರಿ ಕುಡಿದಿದ್ದು ಇನ್ನೂ ಇಳಿದಿಲ್ಲ" ಎಂದುಬಿಟ್ಟರು.

ನರ್ಸ್ ಏನೂ ಕೂಗಾಡಲಿಲ್ಲ. ಎಷ್ಟು ದಿನದಿಂದ ಎಂದು ಮಾತ್ರ ಕೇಳಿದರು. ಯಜಮಾನರು, "ಕುಡಿಯೋದು ನಾಲ್ಕು ವರ್ಷದಿಂದ. ಗೊತ್ತಾಗಿದ್ದು ಇವತ್ತು" ಅಂದರು. ನರ್ಸ್ ಒಳಗೆ ಹೋದರು. ಮಗಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಾರೆಂದು ನಾನು ಹೆದರಿದೆ. ಅವರು ಚಪ್ಪಲಿ ಬದಲಾಯಿಸಿ ಶೂ ಹಾಕಿಕೊಂಡು ಬಂದು, ನಾನೂ ಶಾಲೆಯವರೆಗೆ ಬರುತ್ತೇನೆ, ಮಿಕ್ಕವರಿಗೆ ಹೇಳುವಾಗ ಒಬ್ಬರು ಜೊತೆಗಿರಲಿ ಎಂದರು. ಯಜಮಾನರು ಮೊದಲ ಎರಡು ಮನೆಗೂ ವಾಪಸ್ ಹೋಗಿ ನಿಜ ಹೇಳಿ ಬಂದರು.

ಎಲ್ಲರೂ ನರ್ಸ್ ಹಾಗೆ ಇರಲಿಲ್ಲ. ಒಬ್ಬ ತಂದೆ, ಇನ್ನು ಮೇಲೆ ನಿಮ್ಮ ವ್ಯಾನೂ ಬೇಡ ನೀವೂ ಬೇಡ ಎಂದು ಮಗನನ್ನು ತಾನೇ ಕರೆದುಕೊಂಡು ಹೋದರು. ಅವರು ಹೇಳಿದ್ದು ತಪ್ಪಲ್ಲ. ಅವಳಿ ಮಕ್ಕಳ ತಂದೆ ಜಿಮ್ ಮಾಸ್ಟರ್ ಮಾತ್ರ ಯಜಮಾನರ ಬೆನ್ನು ತಟ್ಟಿ, ಇಷ್ಟಕ್ಕೆಲ್ಲ ಹೆದರಬೇಡಿ ತಾತ, ಅರ್ಧ ಗಂಟೆ ಬೆವರು ಹರಿಸಿದರೆ ಎಲ್ಲಾ ಹೊರಗೆ ಹೋಗುತ್ತದೆ, ನಾನು ನಿನ್ನೆ ಮದುವೆ ಮನೆಯಲ್ಲಿ ಕುಡಿದು ಬೆಳಗಿನ ಜಾವ ಮೂರು ಗಂಟೆಗೆ ಬಂದೆ, ಈಗ ನೂರು ದಂಡ ಹೊಡೆದು ಫಸ್ಟ್ ಕ್ಲಾಸ್ ಆಗಿದ್ದೇನೆ ಎಂದು ಹೇಳಿ, ಅವಳಿಗಳನ್ನು ತಾನೇ ಬಿಡುತ್ತೇನೆಂದು ಸ್ಕೂಟರಿನ ಸ್ಟ್ಯಾಂಡ್ ತೆಗೆದರು. ಬೆವರಿನಲ್ಲಿ ಹೋಗುವುದು ಉಪ್ಪು, ಕುಡಿದದ್ದನ್ನು ಕರಗಿಸುವುದು ಲಿವರ್ ಎಂದು ನರ್ಸ್ ಹೇಳಿದರು. ನಾನು ಚೀಲದಿಂದ ಯಂತ್ರ ತೆಗೆದೆ. ಜಿಮ್ ಮಾಸ್ಟರ್ ಅದನ್ನು ನೋಡಿದರು. ನಂತರ ಸ್ಕೂಟರಿನ ಸ್ಟ್ಯಾಂಡ್ ಹಾಕಿ, ವಾಕಿಂಗ್ ಕೂಡ ಒಳ್ಳೆಯದೇ ಎಂದು ಹೇಳಿ ನಮ್ಮ ಜೊತೆ ಬಂದರು.

ಮಕ್ಕಳು ಇಬ್ಬಿಬ್ಬರಾಗಿ ಕೈಹಿಡಿದು ನಡೆದರು. ನರ್ಸ್ ಮುಂದೆ, ನಾನು ನಡುವೆ, ಯಜಮಾನರು ಹಿಂದೆ. ಅವರ ಹೆಗಲ ಮೇಲೆ ಸಣ್ಣವರ ಚೀಲಗಳು ನೇತಾಡುತ್ತಿದ್ದವು. ಜಿಮ್ ಮಾಸ್ಟರ್ ರಸ್ತೆ ದಾಟುವ ಕಡೆಯೆಲ್ಲ ಎರಡೂ ಕೈ ಚಾಚಿ ವಾಹನ ನಿಲ್ಲಿಸಿದರು. ಒಂದನೇ ತರಗತಿಯ ಹುಡುಗಿ ಯಂತ್ರ ಏನು ಮಾಡುತ್ತದೆ ಎಂದು ಕೇಳಿದಳು. ತಾತನ ಒಳಗೆ ಏನಿದೆ ಎಂದು ಹೇಳುತ್ತದೆ ಎಂದೆ. ಅವಳು ಸ್ವಲ್ಪ ಯೋಚನೆ ಮಾಡಿ, "ನನ್ನೊಳಗೆ ಬ್ರೆಡ್ಡು ಜಾಮು ಇದೆ, ನಂಗೆ ಯಂತ್ರ ಬೇಡ" ಎಂದಳು. ಶಾಲೆಯ ಗೇಟಿಗೆ ಎಂಟು ಇಪ್ಪತ್ತಕ್ಕೆ ತಲುಪಿದೆವು. ಮಕ್ಕಳಿಗೆ ಕಾಲು ನೋಯುತ್ತದೆ ಎಂದುಕೊಂಡಿದ್ದೆ. ಅವರು ತಾತನಿಗೆ ನಾಳೆಯೂ ಹುಷಾರಿಲ್ಲದೆ ಇರಲಿ ಎಂದು ಕೂಗುತ್ತಾ ಒಳಗೆ ಓಡಿದರು.

ಅಲ್ಲಿಂದ ನಾವಿಬ್ಬರೂ ಬಸ್ಸು ಹಿಡಿದು ಠಾಣೆಗೆ ಬಂದೆವು. ನಾನು ಹೆದರಿದಂತೆಯೇ ಆಗಿತ್ತು. ಆ ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರ್ ಸಾಹೇಬರ ಮೇಜಿನ ಮುಂದೆ ನಿಂತಿದ್ದಳು. ಮೂಗು ಕೆಂಪಾಗಿತ್ತು. ನೆಗಡಿಗೋ ಅಳುವಿಗೋ ಗೊತ್ತಾಗಲಿಲ್ಲ. ಸರ್ಕಾರದ ಯಂತ್ರ ಕಳೆದವಳು ನೀನು, ನಾಳೆ ಠಾಣೆಯನ್ನೇ ಕೊಟ್ಟರೆ ಅದನ್ನೂ ಕಳೆಯುತ್ತೀಯ ಎಂದು ಸಾಹೇಬರು ಹೇಳುತ್ತಿದ್ದರು. ನಾನು ಒಳಗೆ ಹೋಗಿ ಯಂತ್ರವನ್ನು ಮೇಜಿನ ಮೇಲೆ ಇಟ್ಟೆ. ಅವಳು ನನ್ನನ್ನು ನೋಡಿ, "ಅಮ್ಮಾ, ಒಂದ್ನಿಮಿಷ ಅಂದಿದ್ದೆ ನಾನು!" ಎಂದು ಎಲ್ಲರ ಮುಂದೆ ಕೂಗಿದಳು. ನಾನು ಅವಳ ಕ್ಷಮೆ ಕೇಳಿದೆ. ಮತ್ತೆ ಕೇಳುತ್ತೇನೆ, ಅದನ್ನೂ ಬರೆದುಕೊಳ್ಳಬೇಕು. ತಪ್ಪು ನನ್ನದು. ಅಪಘಾತ ನೋಡಲು ಓಡಿದವಳದ್ದಲ್ಲ.

ಇನ್‌ಸ್ಪೆಕ್ಟರ್ ಸಾಹೇಬರು ಇದು ಕಳ್ಳತನವಾಗುತ್ತದೆ ಗೊತ್ತೇ ಎಂದು ಕೇಳಿದರು. ಗೊತ್ತು ಎಂದೆ. ಅಂಗಡಿಗಳಲ್ಲಿ ಇಂಥ ಯಂತ್ರ ಸಿಗುತ್ತದಲ್ಲ, ಕೊಳ್ಳಬಾರದಿತ್ತೇ ಎಂದರು. ಸೋಮವಾರ ಬೆಳಿಗ್ಗೆ ಆರೂವರೆಗೆ ಯಾವ ಅಂಗಡಿ ತೆರೆದಿರುತ್ತದೆ ಎಂದು ಕೇಳಿ, ಬೆಳಿಗ್ಗೆ ಯಂತ್ರ ತೋರಿಸಿದ ಎರಡು ಅಂಕಿಗಳನ್ನೂ ಹೇಳಿದೆ. ಅವರು ಯಜಮಾನರ ಕಡೆ ತಿರುಗಿ ಎಷ್ಟು ಕುಡಿದಿರಿ ಎಂದು ಕೇಳಿದರು. ಯಜಮಾನರು ಎರಡೇ ಎರಡು ಪೆಗ್ಗು ಎಂದರು.

ಕಾನ್‌ಸ್ಟೇಬಲ್ ಹುಡುಗಿ ಅಲ್ಲಿಯೇ ನಿಂತು ಬಾಯಲ್ಲಿ ಲೆಕ್ಕ ಹಾಕಿ, "ಎರಡು ಪೆಗ್ಗಾಗಿದ್ರೆ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆಲ್ಲ ಇಳಿದುಹೋಗ್ತಿತ್ತು ತಾತ. ಬೆಳಿಗ್ಗೆ ಅರವತ್ತೆರಡು ಇರಬೇಕು ಅಂದ್ರೆ ನಾಲ್ಕಾದ್ರೂ ಆಗಿರಬೇಕು, ಅದೂ ದೊಡ್ಡದು" ಅಂದಳು.

ಯಜಮಾನರು ತಲೆ ತಗ್ಗಿಸಿ, "ಎರಡೇ. ಲೋಟ ಸ್ವಲ್ಪ ಉದ್ದ" ಎಂದರು.

ಆಮೇಲೆ ಅವಳು ಇನ್ನೊಂದು ಲೆಕ್ಕ ಹೇಳಿದಳು. ಅದು ಯಾರೂ ಕೇಳಿದ್ದಲ್ಲ. ನೀವು ಎಷ್ಟು ಹೊತ್ತಿಗೆ ಕೊನೆಯ ಮಗುವನ್ನು ಇಳಿಸುತ್ತೀರಿ ಎಂದು ವಿಚಾರಿಸಿದಳು. ಎಂಟು ಹತ್ತಕ್ಕೆ ಎಂದು ಯಜಮಾನರು ಹೇಳಿದರು. ಇವತ್ತು ವ್ಯಾನ್ ಹೊರಟಿದ್ದರೆ ಕೊನೆಯ ಮಗು ಇಳಿಯುವ ಹೊತ್ತಿನಲ್ಲಿ ಮೂವತ್ತಾರು ಇರುತ್ತಿತ್ತು, ಮಿತಿಯೊಳಗೆ ಬರುವಷ್ಟರಲ್ಲಿ ಮಕ್ಕಳೆಲ್ಲ ತರಗತಿಯಲ್ಲಿ ಕೂತಿರುತ್ತಿದ್ದರು ಎಂದಳು. ಯಜಮಾನರು ಗೋಡೆಯ ಪಕ್ಕದ ಬೆಂಚಿನ ಮೇಲೆ ಕುಳಿತುಬಿಟ್ಟರು. ಹೆಡ್ ಕಾನ್‌ಸ್ಟೇಬಲ್ ಸಾಹೇಬರು ಬರೆಯುವುದನ್ನು ನಿಲ್ಲಿಸಿ ಅವರಿಗೆ ನೀರು ಕೊಟ್ಟರು.

ಯಂತ್ರ ಸರಿಯಿದೆಯೇ ಎಂದು ನೋಡಲು ಒಂಬತ್ತೂ ಐವತ್ತಕ್ಕೆ ಠಾಣೆಯ ಹೊಸ ಕೊಳವೆಯಿಂದ ಯಜಮಾನರನ್ನು ಊದಿಸಲಾಯಿತು. ಈ ಸಲ ಯಾರೂ ಮೂಗು ಹಿಡಿಯಬೇಕಾಗಲಿಲ್ಲ. ಹನ್ನೊಂದು ಬಂತು. ಇವರು ಗಾಡಿ ಓಡಿಸಿಲ್ಲ, ಮನೆಯಲ್ಲಿ ಹೆಂಡತಿಯ ಮುಂದೆ ಊದಿದ್ದಕ್ಕೆ ಕೇಸು ಹಾಕುವ ಕಾನೂನು ಇಲ್ಲ, ಹೊರಡಬಹುದು ಎಂದು ಸಾಹೇಬರು ಹೇಳಿದರು. ಯಜಮಾನರು, ಸೊನ್ನೆ ಬರುವ ತನಕ ಇಲ್ಲೇ ಕೂರುತ್ತೇನೆ ಎಂದು ಹೇಳಿ ಬೆಂಚು ಬಿಟ್ಟು ಏಳಲಿಲ್ಲ. ನಾನು ಈ ಹೇಳಿಕೆ ಬರೆಸುತ್ತಿದ್ದಷ್ಟು ಹೊತ್ತೂ ಅವರು ಗೋಡೆ ಗಡಿಯಾರ ನೋಡುತ್ತಾ ಕೂತಿದ್ದರು. ಹತ್ತು ನಲವತ್ತೈದಕ್ಕೆ ಮತ್ತೆ ಊದಿ ಸೊನ್ನೆ ನೋಡಿದರು. ಖುಷಿ ಪಡುತ್ತಾರೆಂದುಕೊಂಡಿದ್ದೆ. ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಇದು ಎರಡನೆಯ ಸಲ. ಮೊದಲನೆಯದು ಇಲ್ಲಿ ಬೇಕಾಗಿಲ್ಲ.

ಯಂತ್ರದ ವಿಷಯದಲ್ಲಿ ಏನು ಕ್ರಮ ಎಂಬುದನ್ನು ಮೇಲಧಿಕಾರಿಗಳು ತೀರ್ಮಾನಿಸುತ್ತಾರೆಂದು ಇನ್‌ಸ್ಪೆಕ್ಟರ್ ಸಾಹೇಬರು ತಿಳಿಸಿದ್ದಾರೆ. ಏನೇ ಆದರೂ ನಾನು ಬದ್ಧಳಾಗಿದ್ದೇನೆ. ನಾಲ್ಕು ಕೊಳವೆಗಳಲ್ಲಿ ಮೂರನ್ನು ಬಳಸಿದ್ದೇನೆ, ಒಂದನ್ನು ಹಾಗೆಯೇ ವಾಪಸ್ ಕೊಟ್ಟಿದ್ದೇನೆ. ಕಾನ್‌ಸ್ಟೇಬಲ್ ಹುಡುಗಿಗೆ ಯಾವ ತೊಂದರೆಯೂ ಆಗಬಾರದೆಂದು ಬೇಡಿಕೊಂಡಾಗ ಸಾಹೇಬರು ಅವಳ ಕಡೆ ತಿರುಗಿ, "ಹೋಗಿ ಏನಾದ್ರೂ ಬಿಸಿ ಕುಡಿ, ಆ ಮೂಗು ನೋಡೋಕಾಗ್ತಿಲ್ಲ" ಎಂದರು. ಅದನ್ನು ನಾನು ಒಳ್ಳೆಯ ಉತ್ತರ ಎಂದೇ ತಿಳಿದುಕೊಂಡಿದ್ದೇನೆ.

ಮೇಲೆ ಬರೆದದ್ದನ್ನು ಹೆಡ್ ಕಾನ್‌ಸ್ಟೇಬಲ್ ಸಾಹೇಬರು ನನಗೂ ಯಜಮಾನರಿಗೂ ಗಟ್ಟಿಯಾಗಿ ಓದಿ ಹೇಳಿದರು. ಮೂಗು ಹಿಡಿದ ಸಂಗತಿಯನ್ನು ತೆಗೆಯಬಹುದೇ ಎಂದು ಯಜಮಾನರು ಕೇಳಿದರು. ನಾನು ಒಪ್ಪಲಿಲ್ಲ. ಸಾಕ್ಷಿಯಾಗಿ ಅವರ ಸಹಿಯೂ ಬೇಕಾದ್ದರಿಂದ, ನಿಮ್ಮ ಉದ್ಯೋಗ ಶಾಲಾ ವ್ಯಾನ್ ಚಾಲಕ ಎಂದು ಬರೆಯಲೇ ಎಂದು ಸಾಹೇಬರು ಕೇಳಿದರು. ಯಜಮಾನರು ಬೇಡವೆಂದು ತಲೆಯಾಡಿಸಿದರು. ಈಗ ಸೊನ್ನೆ ಇದೆಯಲ್ಲ, ಮಧ್ಯಾಹ್ನ ನೀವು ವ್ಯಾನ್ ತೆಗೆಯಬಹುದು ಎಂದು ಸಾಹೇಬರು ನೆನಪಿಸಿದರು.

ಅದಕ್ಕೆ ಯಜಮಾನರು, "ಇವತ್ತು ಬೇಡ ಸಾರ್. ಮಕ್ಕಳ ಮನೆಯವರು ಹೂಂ ಅನ್ನೋ ತನಕ ಬೇಡ. ಮಕ್ಕಳನ್ನ ನಡೆಸಿಕೊಂಡು ಹೋಗೋನು ಅಂತ ಬರ್ಕೊಳ್ಳಿ" ಎಂದರು.

ಹಾಗೆಯೇ ಬರೆದುಕೊಳ್ಳಲಾಗಿದೆ. ಇದರಲ್ಲಿ ಇರುವುದು ನಾನು ಕಂಡದ್ದು, ಮಾಡಿದ್ದು ಮತ್ತು ಕೇಳಿದ್ದು. ಯಾರೂ ಹೇಳಿಕೊಟ್ಟು ಹೇಳಿಸಿದ್ದಲ್ಲ. ಅಲ್ಲಲ್ಲಿ ಹೇಳಿದ ಸುಳ್ಳನ್ನು ಸುಳ್ಳೆಂದೇ ಬರೆಸಿದ್ದೇನೆ, ಉಳಿದದ್ದೆಲ್ಲ ನಿಜ.

ಸ್ಥಳ: ಸಂಚಾರ ಠಾಣೆ, ಬರೆಯುವವರ ಮೇಜು.
ದಿನ: ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ.

ಹೇಳಿಕೆ ಕೊಟ್ಟವಳ ಸಹಿ: ಟೈಲರಮ್ಮ
ಸಾಕ್ಷಿಯ ಸಹಿ: ವ್ಯಾನ್ ತಾತ, ಉದ್ಯೋಗ: ಮಕ್ಕಳನ್ನು ಶಾಲೆಗೆ ನಡೆಸಿಕೊಂಡು ಹೋಗುವುದು